ನಮ್ಮ ಲಾರಿಗೆ ಚಳಿ

ಬಳ್ಳಾರಿಯಲ್ಲಿ ಏನನ್ನಾದರೂ ಬೆಚ್ಚಗೆ ಮಾಡಬೇಕು ಎಂದರೆ ನಗುವವರೇ ಹೆಚ್ಚು. ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಸ್ನಾನದ ನೀರೇ ಬರುವ ಊರು ಇದು. ಇಂಥ ಊರಲ್ಲಿದ್ದುಕೊಂಡು ನಾನು ಲಾರಿಯ ಇಂಜಿನ್ನಿಗೆ ಬಿಸಿನೀರಿನ ಬಟ್ಟೆ ಸುತ್ತಿದೆ ಎಂದರೆ ನೀವೂ ನಗುತ್ತೀರಿ. ನಗ್ರಿ, ಆದರೆ ಪೂರ್ತಿ ಕೇಳಿ ನಗ್ರಿ.

ಸತ್ಯನಾರಾಯಣಪೇಟೆಯ ನಮ್ಮ ಮನೆ ಮುಂದೆ ಮಾವನವರ ಕಾಲದ ಪೆಟ್ರೋಲ್ ಲಾರಿಯೊಂದಿದೆ. ಒಂದು ಕಾಲಕ್ಕೆ ಸಿರುಗುಪ್ಪದ ಮಿಲ್ಲುಗಳಿಗೆ ಭತ್ತ ಹೊತ್ತದ್ದು. ಆರು ಸಿಲಿಂಡರು ಸಾಲಾಗಿ, ಪಂಕ್ತಿ ಊಟಕ್ಕೆ ಕೂತಂತೆ. ಪೆಟ್ರೋಲ್ ಬಡಿಸುವ ಕಾರ್ಬುರೇಟರ್ ಒಂದೇ; ನಡುವಿನವರಿಗೆ ತುಪ್ಪ, ತುದಿಯವರಿಗೆ ಬರೀ ಸೌಟಿನ ಸದ್ದು. ಹೋದ ಬೇಸಿಗೆಯಲ್ಲಿ ನಮ್ಮ ಯಜಮಾನರು, ರೇಡಿಯೇಟರಿನ ಬಿಸಿನೀರನ್ನು ಕಾರ್ಬುರೇಟರಿನ ಕೆಳಗೆ ಹಾಯಿಸುವ ರಬ್ಬರ್ ಪೈಪನ್ನು ಕಿತ್ತು ಅಟ್ಟಕ್ಕೆ ಎಸೆದರು. "ಬಳ್ಳಾರ್‍ಯಾಗ ಇದಕ್ಕ್ಯಾಕ ಬಿಸಿನೀರು? ಏನ್ ಬಾಣಂತಿ ಏನು?" ಎಂದರು.

ಕಾರ್ತಿಕ ಮುಗಿದು ಚಳಿ ಬಿತ್ತು. ಕುರುಗೋಡಿನ ನಾದಿನಿಯ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಮನೆತನದ ಮಕ್ಕಳೆಲ್ಲ ಮಲಗಿದ ಸಾಗುವಾನಿ ತೊಟ್ಟಿಲು ಇರುವುದು ನಮ್ಮಲ್ಲಿ. "ಟೆಂಪೋ ಕಳಸ್ತೀನಿ ಅತ್ತಿಗಿ" ಎಂದಳು ಫೋನಿನಲ್ಲಿ. ನಾನು ಜಂಬದಿಂದ, "ಮನ್ಯಾಗ ಲಾರಿ ಇಟ್ಕೊಂಡು ಟೆಂಪೋ ಯಾಕವ್ವಾ? ಬಿಸಿಲೇರೋದ್ರಾಗ ತೊಟ್ಟಿಲು ನಿಮ್ಮ ಬಾಗಿಲಾಗ ಇರ್ತೈತಿ" ಎಂದುಬಿಟ್ಟೆ.

ಆ ಬೆಳಿಗ್ಗೆ ತೊಟ್ಟಿಲು ಹತ್ತಿತು, ರೇಷ್ಮೆ ಸೀರೆ ಉಟ್ಟು ನಾನೂ ಹತ್ತಿದೆ. ಲಾರಿ ಕೆಮ್ಮುತ್ತ ಬೀದಿಯ ಕೊನೆಗೆ ಹೋಗಿ ನಿಂತೇಬಿಟ್ಟಿತು. ಯಜಮಾನರು ಕಾರ್ಬುರೇಟರಿನ ಸ್ಕ್ರೂ ತಿರುಗಿಸಿ ಪೆಟ್ರೋಲ್ ಹೆಚ್ಚಿಸಿದರು, ಕರಿ ಹೊಗೆ. ಕಡಿಮೆ ಮಾಡಿದರು, ಮತ್ತೆ ಕೆಮ್ಮು. ಅಷ್ಟರಲ್ಲಿ ಫೋನು: "ಅತ್ತಿಗಿ, ಪೂಜಿಗೆ ಐನೋರು ಬಂದು ಕುಂತಾರ. ಎಲ್ಲಿ ಅದೀರಿ?"

"ಬಂದ್ವಿ ನೋಡವ್ವಾ" ಎಂದೆ. ನಮ್ಮ ಮನೆಯ ತುಳಸಿಕಟ್ಟೆ ಅಲ್ಲಿಂದ ಇನ್ನೂ ಕಾಣುತ್ತಿತ್ತು.

ತಡೆಯಲಾರದೆ ಇಳಿದು, ಕಾರ್ಬುರೇಟರಿನಿಂದ ಸಿಲಿಂಡರುಗಳಿಗೆ ಹೋಗುವ ಕೊಳವೆ ಮುಟ್ಟಿದೆ. ಹೊಸ ಮಣ್ಣಿನ ಕೊಡದಂತೆ ತಣ್ಣಗೆ, ಮೈತುಂಬ ಬೆವರು! ಥಟ್ಟನೆ ಪಂಪ್ ಸ್ಟೋವ್ ನೆನಪಾಯಿತು. ಬರ್ನರ್ ಕಾಯುವ ಮೊದಲೇ ಪಂಪು ಹೊಡೆದರೆ ಸೀಮೆಎಣ್ಣೆ ಆವಿಯಾಗದೆ ಭುಗಿಲೆದ್ದು ಗೋಡೆಯೆಲ್ಲ ಮಸಿ ಆಗುತ್ತಿತ್ತಲ್ಲ, ಅದೇ ಕಥೆ!

"ರೀ, ಕಾಯದ ಸ್ಟೋವಿನಂಗ ಪೆಟ್ರೋಲ್ ಆವಿ ಆಗವಲ್ದು! ಸ್ಕ್ರೂ ಬಿಡ್ರಿ, ಮೊದ್ಲು ಕಾಯಿಸ್ರಿ!"

"ಸ್ಟೋವಿಗೂ ಲಾರಿಗೂ ಏನ್ ಸಂಬಂಧ? ಸುಮ್ನಿರು."

"ಹಂಗಾದ್ರ ತೊಟ್ಟಿಲು ಹೊತ್ಕೊಂಡು ನಡೀರಿ ಕುರುಗೋಡಿಗೆ."

ಅವರು ಮನೆಗೆ ಹೋಗಿ ಅಟ್ಟ ಹತ್ತಿ ಪೈಪು ತಂದು ಕೂಡಿಸಿದರು. ನಾನು ಬಚ್ಚಲ ಹಂಡೆಯ ಬಿಸಿನೀರು ತಂದು, ಅದರಲ್ಲಿ ಟವೆಲ್ ಅದ್ದಿ ಕೊಳವೆಗೆ ಸುತ್ತಿ ಶಾಖ ಕೊಟ್ಟೆ. ಇಂಜಿನ್ ಹತ್ತಿತು! ಚೆನ್ನಾಗಿ ಕಾದ ಮೇಲೆ ಟ್ಯೂನಿಂಗ್: ಸ್ಕ್ರೂ ಅವರದು, ಕಿವಿ ನನ್ನದು. "ಇನ್ನಷ್ಟು... ಹಾಂ, ಹೆಚ್ಚಾತು, ಹಿಂದಕ ಬರ್ರಿ... ತಡೀರಿ, ಅಷ್ಟಽ!" ಆರೂ ಸದ್ದು ಸೇರಿ ಒಂದೇ ಶ್ರುತಿಯಾದಾಗ ಮೈ ಜುಮ್ಮೆಂದಿತು. ಸೆರಗಿಗೆ ಗ್ರೀಸು ಹತ್ತಿದ್ದೂ ತಿಳಿಯಲಿಲ್ಲ.

ಕುರುಗೋಡು ಮುಟ್ಟಿದಾಗ ಐನೋರು ಎರಡನೇ ಸಲ ಚಹಾ ಕುಡಿಯುತ್ತಿದ್ದರು. ಅಳುತ್ತಿದ್ದ ಕೂಸು ತೊಟ್ಟಿಲಿಗೆ ಹಾಕಿದ ಕೂಡಲೇ ಸುಮ್ಮನಾಯಿತು. ನಾದಿನಿ ನನ್ನ ಸೆರಗು ನೋಡಿ, "ಅತ್ತಿಗಿ, ನೀವು ಲಾರ್‍ಯಾಗ ಬಂದ್ರೋ, ಲಾರಿ ಹೊತ್ಕೊಂಡು ಬಂದ್ರೋ?" ಎಂದಳು.

ಅಲ್ಲಿಗೆ ಮುಗಿಯಬೇಕಿತ್ತು. ಈಗ ರಜಾ ಬಂದರೆ ಬಾನೆಟ್ಟಿನೊಳಗೆ ಎರಡು ತಲೆ. ಮೊನ್ನೆ ಇಂಜಿನ್ ಹದವಾಗಿ ಹಾಡುತ್ತಿರುವಾಗ ಸುಟ್ಟ ವಾಸನೆ ಬಂತು. "ಪೆಟ್ರೋಲ್ ಹೆಚ್ಚಾಗೈತಿ, ಕಡಿಮಿ ಮಾಡ್ರಿ" ಎಂದೆ. ಮಾಡಿದರು. ವಾಸನೆ ಹೋಗಲಿಲ್ಲ. "ಇನ್ನೂ ಸ್ವಲ್ಪ" ಎಂದೆ. ಕೊನೆಗೆ ಇಂಜಿನ್ನೇ ನಿಂತಿತು, ವಾಸನೆ ನಿಲ್ಲಲಿಲ್ಲ. ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಕೂಗಿ ಹೇಳಿದಾಗಲೇ ನನಗೆ ನೆನಪಾದದ್ದು, ಒಲೆಯ ಮೇಲೆ ಬೇಳೆ ಇಟ್ಟು ಬಂದಿದ್ದೇನೆಂದು.