ಅಜ್ಜನ ಫುಟ್‌ಬಾಲ್, ನನ್ನ ಜ್ವರ

ಕಾಯಿಲೆ ಬಿದ್ದವನ ಮುಂದೆ ಮನೆತನದ ಕತೆ ಹೇಳುವವರು ಎಲ್ಲ ಊರಲ್ಲೂ ಇರುತ್ತಾರೆ. ಎದ್ದು ಓಡಲಾರ ಎಂಬ ಧೈರ್ಯ. ಕೊರೊನಾ ಹಿಡಿದು ನಾನು ಪರದೇಶದ ವೂರ್‌ಬರ್ಗ್ ಊರಿನ ಮನೆಯಲ್ಲಿ ಒಬ್ಬನೇ ಮಲಗಿದ್ದೆ. ಹೆಂಡತಿ ಹುಬ್ಬಳ್ಳಿಯಲ್ಲಿ, ವಿಮಾನಗಳು ನಿಂತಿದ್ದವು. ಡಾಕ್ಟರು ಫೋನಿನಲ್ಲೇ ಪ್ಯಾರಾಸಿಟಮಾಲ್ ಎಂದರು. ಇಲ್ಲಿ ಕಾಲು ಮುರಿದರೂ ಅದನ್ನೇ ಹೇಳುತ್ತಾರೆ. ಉಸಿರು ನಿಂತರೂ ಯಾರಿಗೂ ತಿಳಿಯುವುದಿಲ್ಲ ಎಂಬುದು ನನ್ನ ಭಯ. ಪಕ್ಕದ ಮನೆಯ ಆಸ್ಟ್ರೇಲಿಯಾದ ಮುದುಕರೊಬ್ಬರಿಗೆ ಅದನ್ನು ಹೇಳಿದ್ದೇ ತಡ, ಅವರು ಬೆಳಿಗ್ಗೆ ಸಂಜೆ ಬಾಗಿಲ ಬಳಿ ಸೂಪ್ ಇಟ್ಟು, ಬೆಲ್ ಒತ್ತಿ, ಬೀದಿಯಲ್ಲಿ ನಿಲ್ಲತೊಡಗಿದರು. ನಾನು ಮಹಡಿಯ ಕಿಟಕಿಗೆ ಬಂದೆನೋ, ತಮ್ಮ ಅಜ್ಜನ ಕತೆ ಶುರು.

ಭುಜದ ಮೇಲೆ

"ನೂರು ವರ್ಷದ ಹಿಂದೆ ನಮ್ಮ ಅಜ್ಜ ದೊಡ್ಡ ಫುಟ್‌ಬಾಲ್ ಆಟಗಾರ. ನಮ್ಮ ದೇಶದ ಆಟದಲ್ಲಿ ಚೆಂಡನ್ನು ಕೈಯಲ್ಲಿ ಹಿಡಿಯಬಹುದು. ಎದುರಾಳಿಯ ಬೆನ್ನ ಮೇಲೆ ಹತ್ತಿ ಹಿಡಿದರೆ ಇನ್ನೂ ಶೋಭೆ. ಒಮ್ಮೆ ಅಜ್ಜ ಒಬ್ಬನ ಭುಜ ಹತ್ತಿದವರು ಅಲ್ಲಿಂದಲೇ ಊರಿನ ಗಡಿಯಾರ ನೋಡಿ ಟೈಮ್ ಹೇಳಿದರು."

"ಕೆಳಗಿದ್ದವನು ಸುಮ್ಮನಿದ್ದನೇ?"

"ಸುಮ್ಮನೆಲ್ಲಿ? ಟೈಮ್ ಕೇಳಿದ್ದೇ ಅವನು."

ತಪ್ಪಿದ್ದಕ್ಕೂ ಅಂಕ

ಆ ಆಟದಲ್ಲಿ ನಾಲ್ಕು ಕಂಬಗಳಂತೆ. ನಡುವೆ ಒದ್ದರೆ ಆರು ಅಂಕ, ಗುರಿ ತಪ್ಪಿ ಪಕ್ಕದ ಸಂದಿಗೆ ಹೋದರೂ ಒಂದು. ಅಜ್ಜ ಒಂದು ಪಂದ್ಯವನ್ನು ಬರೀ ಗುರಿ ತಪ್ಪಿಯೇ ಗೆಲ್ಲಿಸಿದರಂತೆ.

"ನಾನು ನಂಬುವುದಿಲ್ಲ," ಎಂದೆ.

"ಎದುರು ತಂಡದವರೂ ನಂಬಲಿಲ್ಲ. ಅದಕ್ಕೇ ಯಾರೂ ತಡೆಯಲಿಲ್ಲ."

ಹುಬ್ಬಳ್ಳಿಯ ಪ್ರೇಕ್ಷಕಿ

ಹೆಂಡತಿ ಫೋನಿನಲ್ಲಿ ಅಳುತ್ತಿದ್ದಳು. ಸಮಾಧಾನಕ್ಕೆಂದು ಈ ಕತೆಗಳನ್ನು ಹೇಳಿದೆ. ಅಳು ನಿಂತಿತು. ಮರುದಿನ ಅವಳೇ ಫೋನ್ ಮಾಡಿದಳು.

"ಇವತ್ತು ಉಸಿರಾಡೋದು ಸ್ವಲ್ಪ ಕಷ್ಟ," ಎಂದೆ.

"ಹಂಗಾರ ಕಿಟಕಿಗೆ ಹೋಗಿಲ್ಲೇನ್ರಿ?"

"ಹೋಗಿದ್ದೆ."

"ಮತ್ತ ಆ ಮುತ್ಯಾ ಗೆದ್ದನೋ ಸೋತನೋ, ಅದನ್ನ ಮೊದ್ಲ ಹೇಳ್ರಿ. ಇಲ್ಲಿ ನಿಮ್ಮವ್ವನೂ ಕಾಯಾಕತ್ತಾರ."

ಕೊನೆಯ ಪಂದ್ಯ

ಜ್ವರ ಬಿಟ್ಟಿತು. ಧನ್ಯವಾದ ಹೇಳಲೆಂದೇ ಕೆಳಗಿಳಿದೆ. ಹಾಸಿಗೆ ಬಿಟ್ಟು ಏಳಲು ಮನಸ್ಸಿಲ್ಲದ ದಿನಗಳಲ್ಲೂ ನನ್ನನ್ನು ಕಿಟಕಿಯವರೆಗೆ ನಡೆಸಿದ್ದು ಆ ಬೆಲ್ಲೇ. ಅದನ್ನು ಹೇಳಿದೆ. ಅಲ್ಲಿಗೆ ನಿಲ್ಲಿಸಬಹುದಿತ್ತು, ಓದಿದವನ ಚಾಳಿ, ಬಿಡಲಿಲ್ಲ.

"ನಿಮ್ಮ ಅಜ್ಜ ಬೆಳಗಿನ ಕತೆಗಳಲ್ಲಿ ಎಡಗಾಲಿನವರು, ಸಂಜೆಯ ಕತೆಗಳಲ್ಲಿ ಬಲಗಾಲಿನವರು. ನಿಜವಾಗಿ ಎಷ್ಟು ವರ್ಷ ಆಡಿದರು?"

ಮುದುಕರು ಖಾಲಿ ಸೂಪ್ ಪಾತ್ರೆ ಎತ್ತಿಕೊಂಡರು. "ವರ್ಷವೇ? ಒಂದೇ ಪಂದ್ಯ, ಅದೂ ಅರ್ಧ. ಮಂಡಿ ಹೋಯಿತು, ಮನೆಗೆ ಬಂದರು."

"ಮತ್ತೆ ಉಳಿದ ಕತೆಗಳೆಲ್ಲ?"

"ನಾನೇನು ಮಾಡಲಪ್ಪ? ಅಜ್ಜನ ಆಟ ಮೊದಲ ದಿನವೇ ಮುಗಿದುಹೋಯಿತು. ನಿನ್ನ ಜ್ವರ ಮುಗಿಯಲಿಲ್ಲ."