ಫೆಬ್ರವರಿಯ ಸೂರ್ಯನೂ ಸೋದರಮಾವನೂ

ನಮ್ಮ ಮನೆಯ ಗೋಡೆ ಗಡಿಯಾರಕ್ಕೆ ಇನ್ನು ಮುಂದೆ ಸಾಕ್ಷಾತ್ ಸೂರ್ಯನೇ ಸಮಯ ಹೇಳತಕ್ಕದ್ದು ಎಂದು ಫೆಬ್ರವರಿಯ ಒಂದು ಭಾನುವಾರ ಘೋಷಿಸಿಬಿಟ್ಟೆ! ಪುಣೆಯ ವಾಕಡದ ನಮ್ಮ ಸೊಸೈಟಿಯ ಗಚ್ಚಿಯ ಮೇಲೆ ಹೆಂಡತಿ ಅಂಬಾಳ ಲಟ್ಟಣಿಗೆಯನ್ನು ಓರೆಯಾಗಿ ನೆಟ್ಟು, ಸುತ್ತಲೂ ಸುಣ್ಣದ ಗೆರೆ ಎಳೆದು, ನೆರಳಿನ ಗಡಿಯಾರ ಸ್ಥಾಪಿಸಿದೆ.

"ಚಪಾತಿ ಯಾತರಲೆ ಲಟ್ಟಸ್ಲಿ? ನಿಮ್ಮ ಮೊಣಕೈಲೇನು?" ಅಂದಳು ಅಂಬಾ.

ನಾನು ಜ್ಞಾನ ಹಂಚಿದೆ. ಸೂರ್ಯನಿಗೂ ಗಡಿಯಾರಕ್ಕೂ ವರ್ಷವಿಡೀ ಹೊಂದುವುದಿಲ್ಲ. ಕೆಲವು ತಿಂಗಳು ಸೂರ್ಯ ಹಿಂದೆ ಬೀಳುತ್ತಾನೆ, ಕೆಲವು ತಿಂಗಳು ಮುಂದೆ ಓಡುತ್ತಾನೆ. ಲೆಕ್ಕ ಹಾಕಿ ಸರಿಪಡಿಸಬೇಕು. ಅದಕ್ಕೆ ಕಾಲಸಮೀಕರಣ ಎಂದು ಹೆಸರು. ಫೆಬ್ರವರಿಯಲ್ಲಿ ವ್ಯತ್ಯಾಸ ಹದಿನಾಲ್ಕು ನಿಮಿಷ.

"ಹಿಂದೋ, ಮುಂದೋ?"

"ಮುಂದ! ಫೆಬ್ರವರಿಗೆ ದಿನಾನ ಕಡಿಮಿ. ಸೂರ್ಯಗ ಅವಸರ ಇರೂದಿಲ್ಲೇನು?"

"ಪುಸ್ತಕದಾಗ ಒಮ್ಮೆ ನೋಡ್ರಿ."

"ಪುಸ್ತಕ ಯಾಕ? ಎಲ್ಲಾ ನೆನಪದ!"

ನೆರಳು ತೋರಿಸಿದ ಸಮಯಕ್ಕೆ, ಪುಣೆ ಪಶ್ಚಿಮಕ್ಕಿರುವುದರಿಂದ ಕೂಡಿಸಬೇಕಾದ ಮೂವತ್ತೈದು ನಿಮಿಷ ಕೂಡಿಸಿದೆ, ಓಡುವ ಸೂರ್ಯನಿಗೆಂದು ಹದಿನಾಲ್ಕು ಕಳೆದೆ. ಗೋಡೆ ಗಡಿಯಾರವನ್ನೂ ನನ್ನ ಕೈಗಡಿಯಾರವನ್ನೂ ಅದರಂತೆ ತಿರುಗಿಸಿ ಮೀಸೆಯನ್ನೂ ತಿರುವಿಕೊಂಡೆ.

ಮರುದಿನ ಊರಿನ ಇನ್ನೊಂದು ತುದಿಯ ಮಗರಪಟ್ಟಾದಲ್ಲಿ ನನ್ನ ತಂಗಿ ಚಿತ್ರಾಳ ಮಗಳು ಮಂಜರಿಯ ಮದುವೆ. ಹನ್ನೆರಡೂಕಾಲಿಗೆ ಅಕ್ಷತೆ. ಕೈಹಿಡಿದು ಮದುಮಗಳನ್ನು ಮಂಟಪಕ್ಕೆ ಕರೆತರಬೇಕಾದ ಏಕೈಕ ಸೋದರಮಾವ ನಾನು! ಟ್ಯಾಕ್ಸಿಯ ನಿತಿನ ಕೆಳಗೆ ಹಾರ್ನ್ ಬಾರಿಸುತ್ತಲೇ ಇದ್ದ. ಅಂಬಾ ಗೋಡೆ ನೋಡಿಕೊಂಡು ಸಾವಕಾಶವಾಗಿ ಸೀರೆಯ ನೆರಿಗೆ ಹಿಡಿದಳು. ಗಡಿಯಾರದಲ್ಲಿ ಸರಿಯಾಗಿ ಹನ್ನೊಂದಾದಾಗ ಹೊರಟೆವು.

ಅರ್ಧ ದಾರಿಯಲ್ಲಿ ಚಿತ್ರಾಳ ಫೋನು. "ಅಣ್ಣಾ, ಎಲ್ಲಿದ್ದಿ? ಹನ್ನೆರಡಾತು!"

"ನಿನ್ನ ಫೋನ್ ಕೆಟ್ಟದ. ಇನ್ನ ಹನ್ನೊಂದೂವರಿ!"

ನಿತಿನ ಹಿಂದೆ ತಿರುಗಿ, "ಸಾಹೇಬ, ಬಾರಾ ವಾಜ್ಲೇ" ಅಂದ. ಮರಾಠಿಯಲ್ಲಿ ಹಾಗೆಂದರೆ ಹನ್ನೆರಡು ಹೊಡೆಯಿತು ಎಂದೂ ಆಗುತ್ತದೆ, ಎಲ್ಲ ಎಕ್ಕುಟ್ಟಿತು ಎಂದೂ ಆಗುತ್ತದೆ. ಎರಡೂ ಸರಿಯಾಗಿತ್ತು!

ಮೊಬೈಲ್ ತೆರೆದು ಹುಡುಕಿದೆ. ಫೆಬ್ರವರಿಯಲ್ಲಿ ಸೂರ್ಯ ತಡ! ಅವನು ಓಡಿ ಮುಂದೆ ಹೋಗುವುದು ನವೆಂಬರದಲ್ಲಿ. ಕೂಡಿಸಬೇಕಾದ ಹದಿನಾಲ್ಕನ್ನು ಕಳೆದು, ಒಟ್ಟು ಇಪ್ಪತ್ತೆಂಟು ನಿಮಿಷ ನುಂಗಿದ್ದೆ. ಅಂಬಾ ನನ್ನ ಹೆಗಲ ಮೇಲಿಂದ ಎಲ್ಲವನ್ನೂ ಓದಿದಳು. ಫೆಬ್ರವರಿ, ನವೆಂಬರ ಎಂದು ಬೆರಳು ಮಡಚಿ ಎಣಿಸಿಕೊಂಡಳು. ಅದೇ ಹೆದರಿಕೆಯ ವಿಷಯ!

ನಾವು ಒಳಗೆ ಓಡುವಷ್ಟರಲ್ಲಿ ಅಕ್ಷತೆ ನೆಲದ ಮೇಲೆ ಬಿದ್ದಿತ್ತು. ಮಂಗಲ ಕಾರ್ಯಾಲಯದ ಮ್ಯಾನೇಜರ್ ಅಪ್ಪಾಸಾಹೇಬರು ನನಗೆಂದು ತಂದಿದ್ದ ಪೇಟ ಸುತ್ತಿಕೊಂಡು, ಸೋದರಮಾವನಾಗಿ, ನಿಜವಾಗಿಯೂ ಕಣ್ಣೊರೆಸಿಕೊಳ್ಳುತ್ತಿದ್ದರು!

"ಭಟ್ರು ಮುಹೂರ್ತ ನಿಲ್ಲಂಗಿಲ್ಲ ಅಂದ್ರು. ಮಂಜರಿ ಬಾಗಲಾ ನೋಡಿ ನೋಡಿ ಸಾಕಾದ್ಲು," ಅಂದಳು ಚಿತ್ರಾ. "ಈಗ ಬಂದ್ಯಾ? ಊಟಕ್ಕ?"

ತಪ್ಪನ್ನು ಸೂರ್ಯನ ಮೇಲೆ ಹಾಕುವಂತಿರಲಿಲ್ಲ. ಮಂಜರಿಯ ಮುಂದೆ ನಿಂತು ಕಿವಿ ಹಿಡಿದುಕೊಂಡೆ. ಅವಳು ನಕ್ಕಳು, ಪುಣ್ಯಕ್ಕೆ.

ಊಟದ ಪಂಕ್ತಿಯಲ್ಲಿ ಹೆಂಗಸರು ಅಂಬಾಳನ್ನು ಹಿಡಿದರು. ನಮ್ಮ ಧಾರವಾಡದ ಕಡೆಯವರು ಮದುವೆಯಲ್ಲಿ ಗಂಡನ ಹೆಸರನ್ನು ಒಡಪು ಕಟ್ಟಿ ಹೇಳಿಸದೆ ಬಿಡುವುದಿಲ್ಲ. ಅಂಬಾ ಗಂಟಲು ಸರಿಮಾಡಿಕೊಂಡಳು:

"ಫೆಬ್ರವರಿಗೆ ಸೂರ್ಯ ಹಿಂದ, ನವೆಂಬರಿಗೆ ಮುಂದ,
ಹನ್ನೆರಡೂ ತಿಂಗಳ ಹಿಂದ ಬೀಳವ್ರು ನಮ್ಮ ಮಾರ್ತಾಂಡ!"

ಸೂರ್ಯ ಯಾವ ತಿಂಗಳು ತಡ ಎಂಬುದು ಈಗ ನನಗಷ್ಟೇ ಅಲ್ಲ, ಇನ್ನೂರೈವತ್ತು ಬೀಗರಿಗೂ ಬಾಯಿಪಾಠ!