ಲಾರಿಯೋ ವ್ಯಾನೋ

ಮಾತನ್ನೇ ನಂಬಿ ಅನ್ನ ತಿಂದವನು ಮಾತಿನಿಂದಲೇ ಸ್ನೇಹ ಕಳೆದುಕೊಂಡರೆ ಅದೂ ನ್ಯಾಯವೇ ಇರಬೇಕು. ನಾನು ಆಲೂರಿನಲ್ಲಿ ವಕೀಲ. ಬೇಲಿಯನ್ನು ಗಡಿ ಎನ್ನಬಹುದೋ ಬಾರದೋ ಎಂದು ವಾದಿಸುತ್ತಲೇ ತಲೆ ಬೆಳ್ಳಗಾಯಿತು. ಆ ಬೇಸರ ಕಳೆಯಲು ಹಳೇ ಕಾಲದ ತಗಡಿನ ಆಟಿಕೆ ಲಾರಿ, ಬಸ್ಸುಗಳನ್ನು ಕೂಡಿಡುವ ಗೀಳು ಹತ್ತಿಸಿಕೊಂಡೆ. ಹತ್ತಿಸಿದವರು ಸಕಲೇಶಪುರದ ಹಲ್ಲಿನ ಡಾಕ್ಟರು ಫೆಲಿಕ್ಸ್. ಭಾನುವಾರ ಅವರ ಮನೆಯಲ್ಲಿ ಕೂತು, ಮೂತಿ ಇದ್ದದ್ದು ಮೂತಿ ಲಾರಿ, ಇಲ್ಲದ್ದು ಬೋಳು ಲಾರಿ ಎಂದುಕೊಂಡು ಸುಖವಾಗಿದ್ದೆವು.

ಆಮೇಲೆ ಡಾಕ್ಟರು ಮೊಬೈಲಿನಲ್ಲಿ ಯಾವುದೋ ಸಂಗ್ರಾಹಕರ ಗುಂಪು ಸೇರಿದರು. ಅಲ್ಲಿಂದ ಶಾಸ್ತ್ರ ಶುರುವಾಯಿತು. ಹಿಂಭಾಗ ತೆರೆದಿದ್ದರೆ ಮಾತ್ರ ಲಾರಿ, ಮುಚ್ಚಿದ್ದರೆ ವ್ಯಾನ್. ಯಾವ ಮಗುವೂ ಮುಟ್ಟದೆ ಡಬ್ಬಿಯಲ್ಲೇ ಉಳಿದದ್ದು ‘ಮಿಂಟ್’, ಮಗು ಆಡಿದ್ದು ಸವೆದ ಮಾಲು. ಯಾರೂ ಆಡದ ಆಟಿಕೆಗೆ ಅಷ್ಟೊಂದು ಮರ್ಯಾದೆ ಏಕೆ ಎಂದು ಕೇಳಿದೆ. “ರೂಲ್ಸ್ ಹಾಗೆ ಮಾರಾಯ್ರೆ” ಎಂದರು. ಹಲ್ಲು ಕೀಳುವಾಗಲೂ ಅವರದು ಇದೇ ದನಿ.

ಹೋದ ವರ್ಷ ಹೆಗ್ಗದ್ದೆಯಲ್ಲಿ ನನ್ನ ಅಣ್ಣ ತೀರಿಕೊಂಡ. ಮರದ ಲೋಡು ಹೊತ್ತು ಶಿರಾಡಿ ಘಾಟಿ ಇಳಿಯುವುದರಲ್ಲೇ ಆಯುಸ್ಸು ಕಳೆದ ಡ್ರೈವರ್. ತಿಥಿ ಮುಗಿದ ಮೇಲೆ ಅತ್ತಿಗೆ ಅವನ ಚಿಕ್ಕಂದಿನ ತಗಡಿನ ಗಾಡಿಯೊಂದನ್ನು ತಂದುಕೊಟ್ಟರು.

“ನಿಂಗೆ ಇಂಥವು ಅಂದ್ರೆ ಆಸೆ ಅಲ್ವೇನಪ್ಪ, ಇಟ್ಕೋ. ಇದೇ ನನ್ನ ಮೊದಲ್ನೇ ಲಾರಿ ಅಂತಿದ್ರು ನಿಮ್ಮಣ್ಣ.”

ಕಿಟಕಿಗೆ ಹೊಡೆದು ಉಳಿದ ಹಸಿರು ಪೇಂಟನ್ನು ಅಣ್ಣ ಅದಕ್ಕೆ ಬಳಿದಿದ್ದ. ಮುಚ್ಚಿದ ಹಿಂಭಾಗದ ಮೇಲೆ ಸೊಟ್ಟ ಅಕ್ಷರದಲ್ಲಿ ‘ಹಾರ್ನ್ ಮಾಡಿ’ ಎಂದು ಬರೆದಿದ್ದ.

ಮೊನ್ನೆ ಸಕಲೇಶಪುರದಲ್ಲಿ ನಾವಿಬ್ಬರೂ ನಮ್ಮ ಗಾಡಿಗಳ ಪ್ರದರ್ಶನ ಇಟ್ಟೆವು. ಅಣ್ಣನ ಗಾಡಿಯ ಮುಂದೆ ನಾನು ‘ಲಾರಿ’ ಎಂದು ಚೀಟಿ ಇಟ್ಟಿದ್ದೆ. ಅದನ್ನು ನೋಡಲೆಂದೇ ಅತ್ತಿಗೆ ಬಸ್ಸು ಹತ್ತಿ ಬಂದರು. ಅಷ್ಟರಲ್ಲಿ ಡಾಕ್ಟರು ಚೀಟಿ ಬದಲಾಯಿಸಿದ್ದರು: ‘ಡೆಲಿವರಿ ವ್ಯಾನ್. ಬಣ್ಣ ಬಳಿದು ಕೆಡಿಸಿದ್ದು.’

“ಯಾರು ಕೆಡ್ಸಿದ್ದು?” ಅತ್ತಿಗೆ ಕೇಳಿದರು.

ಅವರು ಯಾರೆಂದಾಗಲಿ, ಗಾಡಿ ಯಾರದೆಂದಾಗಲಿ ತಿಳಿಯದ ಡಾಕ್ಟರು, “ಯಾರೋ ಪೋಕರಿ ಹುಡುಗ ಅಮ್ಮ, ಬೆಲೆ ಗೊತ್ತಿಲ್ಲದವನು” ಎಂದರು.

“ಆ ಹುಡುಗ ನನ್ನಣ್ಣ. ಇವರು ಅವನ ಹೆಂಡತಿ” ಎಂದೆ.

ಡಾಕ್ಟರು ಕೈ ಮುಗಿದು ಕ್ಷಮೆ ಕೇಳಿದರು. ಅಲ್ಲಿಗೇ ನಿಲ್ಲಿಸಬಹುದಿತ್ತು. “ಆದ್ರೂ ವ್ಯಾನನ್ನ ಲಾರಿ ಅನ್ನೋಕಾಗಲ್ವಲ್ಲ” ಎಂದು ಸೇರಿಸಿದರು. ನಾನು ಕೋರ್ಟಿನಲ್ಲೂ ಆಡದ ಮಾತುಗಳನ್ನು ಆಡಿದೆ. ನೋಡಲು ಬಂದವರು ಆಟಿಕೆ ಬಿಟ್ಟು ನಮ್ಮನ್ನೇ ನೋಡತೊಡಗಿದರು.

ಅತ್ತಿಗೆ ಗಾಡಿ ಎತ್ತಿಕೊಂಡರು. “ನಮ್ಮನೇಲೇ ಇರ್ಲಿ ಕಣಪ್ಪ. ಅಲ್ಲಿ ಇದು ಲಾರೀನೇ. ಮೊಮ್ಮಗಳು ಆಡ್ಕತಾಳೆ.”

ಸರಿಯಾಗಿಯೇ ಹೇಳಿದರು ಎನಿಸಿತು. ಅವರ ಚೀಲದ ಬಾಯಿ ಹಿಡಿದುಕೊಂಡೆ. ಹಿಡಿದುಕೊಂಡೇ, “ಜೋಪಾನ ಅತ್ತಿಗೆ, ಮಗು ಆಡಿದ್ರೆ ವ್ಯಾಲ್ಯೂ ಹೋಗ್ಬುಡ್ತದೆ” ಎಂದೆ.

ಅತ್ತಿಗೆ ಡಾಕ್ಟರ ಕಡೆ ಒಮ್ಮೆ ನೋಡಿದರು, ನನ್ನ ಕಡೆ ಒಮ್ಮೆ. ಎರಡು ನೋಟಕ್ಕೂ ವ್ಯತ್ಯಾಸವಿರಲಿಲ್ಲ.

ಫೆಲಿಕ್ಸರ ಮನೆಗೆ ಹೋಗುವುದನ್ನು ಬಿಟ್ಟಿದ್ದೇನೆ. ಹಲ್ಲು ನೋವಿಗೆ ಹಾಸನದಲ್ಲಿ ಬೇರೆ ಡಾಕ್ಟರು ಸಿಕ್ಕಿದ್ದಾರೆ. ಹೆಗ್ಗದ್ದೆಗೆ ಯಾವ ಮುಖ ಹೊತ್ತು ಹೋಗುವುದೆಂದು ಮಾತ್ರ ತಿಳಿಯುತ್ತಿಲ್ಲ.